ಎರಡು ಕಡ್ಡಿಯ ಲೆಕ್ಕ, ಒಂದು ಕೊಕ್ಕೆಯ ಲೆಕ್ಕ

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಸುತ್ತಮುತ್ತ ಉಲ್ಲನ್ ಹೊಸದಲ್ಲ. 1960ರ ಆಸುಪಾಸಿನಲ್ಲಿ ಟಿಬೆಟಿನ ನಿರಾಶ್ರಿತರು ಇಲ್ಲಿ ಕಾಡು ಕಡಿದು ಊರು ಕಟ್ಟಿದಾಗಿನಿಂದ ಕಂಬಳಿ, ಕಾರ್ಪೆಟ್, ಸ್ವೆಟರ್ ಈ ಸೀಮೆಯ ಕಣ್ಣಿಗೆ ಬಿದ್ದಿವೆ. ಕನ್ನಡದ ಮನೆಗಳಲ್ಲೋ ಈಗ ಹೆಚ್ಚು ಕಾಣುವುದು ಕ್ರೋಶಾದ ಕೊಕ್ಕೆ ಕಡ್ಡಿ, ಅದೂ ಸೀರೆ ಕುಚ್ಚಿನ ಕೆಲಸಕ್ಕೆ. ಕೆಳಗೆ ಮಾತಾಡುತ್ತಿರುವ ಇಬ್ಬರಲ್ಲಿ ಒಬ್ಬರು ಎರಡು ಕಡ್ಡಿಯಲ್ಲಿ ಸ್ವೆಟರ್ ಹೆಣೆದು ಪಳಗಿದವರು. ಇನ್ನೊಬ್ಬಳು ಕುಚ್ಚು ಹಾಕಿ ಕೈಖರ್ಚಿಗೆ ಸಂಪಾದಿಸುವವಳು. ಸಂಬಂಧದಲ್ಲಿ ದೊಡ್ಡಮ್ಮ, ಮಗಳು.

ಮಗಳು: ದೊಡ್ಡಮ್ಮ, ನಿಮ್ಮ ಹಳೇ ಪುಸ್ತಕದಲ್ಲಿರೋ ಈ ಮಗು ಸ್ವೆಟರನ್ನ ನಾನು ಕ್ರೋಶಾದಲ್ಲಿ ಮಾಡ್ಬೇಕು ಅಂತಿದೀನಿ. ಒಬ್ರು ಆರ್ಡರ್ ಕೊಟ್ಟಿದಾರೆ, ಇದೇ ಬೇಕಂತೆ. ಕುಚ್ಚು ಹಾಕಿ ಹಾಕಿ ನನ್ನ ಕೈ ಕೊಕ್ಕೆಗೆ ಒಗ್ಗಿಹೋಗಿದೆ, ಎರಡು ಕಡ್ಡಿ ಹಿಡಿದ್ರೆ ಬೆರಳು ಓಡಲ್ಲ. ಸೀದಾ ಅಂತ ಬರೆದಿರೋ ಕಡೆ ಒಂದು ಥರ ಸ್ಟಿಚ್, ಉಲ್ಟಾ ಅಂತ ಇರೋ ಕಡೆ ಇನ್ನೊಂದು ಥರ ಹಾಕ್ಕೊಂಡು ಹೋದ್ರೆ ಆಗಲ್ವಾ?

ದೊಡ್ಡಮ್ಮ: ಆಗಲ್ಲ ಕಣಮ್ಮ. ಅಲ್ಲಿಂದಲೇ ಎಲ್ರೂ ದಾರಿ ತಪ್ಪೋದು. ಈ ಪುಸ್ತಕ ಏನು ಹೇಳುತ್ತೆ ನೋಡು. ಬೆನ್ನಿನ ಭಾಗಕ್ಕೆ 72 ಸ್ಟಿಚ್ ಹಾಕಿ, 66 ಸಾಲು ಹೆಣೆದ ಮೇಲೆ ಕಂಕುಳು ಶುರು ಮಾಡಿ ಅನ್ನುತ್ತೆ. ನೀನು ಕೊಕ್ಕೇಲಿ 72 ಹಾಕಿ 66 ಸಾಲು ಏರಿಸಿದ್ರೆ ಮಗುವಿನ ಸ್ವೆಟರ್ ಹೋಗಿ ಅವರಪ್ಪನ ಸ್ವೆಟರ್ ಆಗುತ್ತೆ. ಕೈ ತಪ್ಪಿ ಅಲ್ಲ, ಲೆಕ್ಕದ ಪ್ರಕಾರವೇ ಆಗುತ್ತೆ.

ಮಗಳು: ಅಷ್ಟೊಂದು ವ್ಯತ್ಯಾಸ ಬರುತ್ತಾ? ಉಲ್ಲನ್ ಅದೇ, ದಪ್ಪ ಅದೇ.

ದೊಡ್ಡಮ್ಮ: ದಾರ ಅದೇ ಇರ್ಬಹುದು, ಅದು ಕೂತ್ಕೊಳ್ಳೋ ರೀತಿ ಬೇರೆ. ಕಡ್ಡಿ ಹೆಣಿಗೇಲಿ ಒಂದು ಸಾಲಿನ ಅಷ್ಟೂ ಕುಣಿಕೆ ಕಡ್ಡಿ ಮೇಲೆ ಜೀವಂತ ಇರುತ್ತೆ. ಒಂದು ಜಾರಿದ್ರೆ ಕೆಳಗಿನ ಸಾಲಿಗೂ ಇಳಿದು ಏಣಿ ಥರ ಬಿಟ್ಕೊಂಡು ಹೋಗುತ್ತೆ. ನಿನ್ನ ಕೊಕ್ಕೇಲಿ ಯಾವಾಗ ನೋಡಿದ್ರೂ ಒಂದೇ ಕುಣಿಕೆ ಬಾಕಿ, ಹಿಂದಿನದೆಲ್ಲ ಮುಗಿದು ಗಂಟು ಬಿದ್ದ ಹಾಗೆ ಕೂತಿರುತ್ತೆ. ಅದಕ್ಕೇ ಬಸ್ಸಿನಲ್ಲಿ ಅರ್ಧಕ್ಕೆ ಚೀಲಕ್ಕೆ ತುರುಕಿದ್ರೂ ನಿನಗೆ ಯೋಚನೆ ಇಲ್ಲ. ಆದ್ರೆ ಅದಕ್ಕೇ ಬಟ್ಟೆ ದಪ್ಪ ಬರುತ್ತೆ, ಎಳೆದ್ರೆ ಅಷ್ಟಾಗಿ ಹಿಗ್ಗಲ್ಲ, ದಾರನೂ ಜಾಸ್ತಿ ತಿನ್ನುತ್ತೆ. ಅಷ್ಟೇ ಅಗಲದ ಬಟ್ಟೆಗೆ ಸುಮಾರು ಮೂರನೇ ಒಂದು ಭಾಗ ಹೆಚ್ಚು ಅಂತ ಇಟ್ಕೋ. ಪುಸ್ತಕ 200 ಗ್ರಾಂ ಅಂದ್ರೆ ನೀನು 270 ಗ್ರಾಂ ತಗೋ, ಅದೂ ಒಂದೇ ಲಾಟ್ ನಂಬರಿನದು. ಆಮೇಲೆ ಕುಶಾಲನಗರಕ್ಕೆ ಹೋಗಿ ಅದೇ ಬಣ್ಣ ಕೊಡಿ ಅಂದ್ರೆ ಅಂಗಡಿಯವರು ಎಲ್ಲಿಂದ ತರ್ತಾರೆ?

ಮಗಳು: ಹಾಗಾದ್ರೆ ಪುಸ್ತಕದಿಂದ ನಾನು ತಗೊಳ್ಳೋದಾದ್ರೂ ಏನು?

ದೊಡ್ಡಮ್ಮ: ಸೆಂಟಿಮೀಟರು. ಟೈಲರ್ ಹತ್ರ ಅಳತೆ ರವಿಕೆ ಕೊಡ್ತೀಯಲ್ಲ, ಅವನು ಅದರ ಹೊಲಿಗೆ ಎಣಿಸ್ತಾನಾ? ಟೇಪ್ ಹಿಡಿದು ಎದೆ, ಭುಜ, ಕಂಕುಳು ಅಳೆದು ಹೊಸ ಬಟ್ಟೆ ಮೇಲೆ ಸೀಮೆಸುಣ್ಣದಲ್ಲಿ ಗೀಟು ಹಾಕ್ತಾನೆ. ನೀನು ಮಾಡ್ಬೇಕಾದ್ದೂ ಅದೇ. ಪುಸ್ತಕದ ಮೊದಲ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿದೆ, ಓದು. 4 ಮಿಲಿಮೀಟರ್ ಕಡ್ಡೀಲಿ 10 ಸೆಂಟಿಮೀಟರಿಗೆ 22 ಸ್ಟಿಚ್, 30 ಸಾಲು. ಹಳೇ ಕಡ್ಡಿಗಳ ಮೇಲೆ 8 ಅಂತ ಇರುತ್ತೆ, ಅದೇ 4 ಮಿಲಿಮೀಟರ್. ಆ ನಂಬರ್ ಏರಿದಷ್ಟೂ ಕಡ್ಡಿ ತೆಳು. ಎಲ್ಲರೂ ಹಾರಿಸಿಬಿಡೋ ಈ ಸಾಲೇ ಇಡೀ ಪುಸ್ತಕದ ಬೀಗದಕೈ.

ಮಗಳು: ಇಲ್ಲಿಂದ ಲೆಕ್ಕ ಹೇಗೆ? ನಿಧಾನಕ್ಕೆ ಹೇಳಿ, ಬರ್ಕೊಳ್ತೀನಿ.

ದೊಡ್ಡಮ್ಮ: ಮೊದಲು ನಿನ್ನ ಕೊಕ್ಕೇಲಿ ಒಂದು ಸ್ಯಾಂಪಲ್ ತುಂಡು ಮಾಡು. ಕುಚ್ಚಿಗೆ ಹಿಡಿಯೋ ಸ್ಟೀಲ್ ಕೊಕ್ಕೆ ಇದಕ್ಕೆ ಬೇಡ, ಅದು 1 ಮಿಲಿಮೀಟರ್ ಹತ್ತಿರದ್ದು. ನಾಲ್ಕೂವರೆ ಮಿಲಿಮೀಟರಿನದು ತಗೋ. ಪುಸ್ತಕದ ಕಡ್ಡಿಗಿಂತ ಅರ್ಧ ಮಿಲಿಮೀಟರ್ ದಪ್ಪ ಇದ್ರೆ ಬಟ್ಟೆ ಸ್ವಲ್ಪ ಸಡಿಲವಾಗಿ ಬೀಳುತ್ತೆ. ಹಾಫ್ ಡಬಲ್ ಸ್ಟಿಚ್‌ನಲ್ಲಿ 15 ಸೆಂಟಿಮೀಟರಿನ ಚೌಕ ಮಾಡು. ಅಂಚು ಬಿಟ್ಟು ನಡುವಿನ 10 ಸೆಂಟಿಮೀಟರ್ ಅಳೆ. ಒಗೆ, ಚಪ್ಪಟೆಯಾಗಿ ಹರಡಿ ಒಣಗಿಸು, ಮತ್ತೆ ಅಳೆ. ಕ್ರೋಶಾ ಬಟ್ಟೆ ತನ್ನ ತೂಕಕ್ಕೇ ಕೆಳಗಿಳಿಯುತ್ತೆ, ಅದಕ್ಕೆ ಒಂದು ರಾತ್ರಿ ಹಗ್ಗದ ಮೇಲೆ ನೇತು ಹಾಕಿ ಇನ್ನೊಂದ್ಸಲ ಅಳೆದ್ರೆ ಇನ್ನೂ ಒಳ್ಳೇದು. ಇಸ್ತ್ರಿ ಮಾತ್ರ ಮುಟ್ಟಿಸ್ಬೇಡ. ನಾವು ಉಲ್ಲನ್ ಅಂತ ತರೋದು ಬಹುಪಾಲು ಅಕ್ರಿಲಿಕ್, ಬಿಸಿಗೆ ಸತ್ತು ಚಪ್ಪಟೆಯಾಗುತ್ತೆ.

ಮಗಳು: ಈ ಅಳತೇದು ನಾನು ಆಗಲೇ ಒಂದು ಮಾಡಿಟ್ಟಿದೀನಿ, ನೋಡಿ. 10 ಸೆಂಟಿಮೀಟರಿಗೆ 16 ಸ್ಟಿಚ್, 12 ಸಾಲು ಬಂತು.

ದೊಡ್ಡಮ್ಮ: ಚೆನ್ನಾಗಿ ಬಂದಿದೆ. ಈಗ ಬರ್ಕೋ. ಪುಸ್ತಕದ 72 ಸ್ಟಿಚ್ಚನ್ನ 2.2ರಿಂದ ಭಾಗಿಸು. 32.7 ಸೆಂಟಿಮೀಟರ್ ಬೆನ್ನಿನ ಅಗಲ. ಅದನ್ನ ನಿನ್ನ 1.6ರಿಂದ ಗುಣಿಸು. 52 ಬಂತು. ನೀನು ಹಾಕ್ಬೇಕಾದ್ದು 52, ಎಪ್ಪತ್ತೆರಡಲ್ಲ. 66 ಸಾಲು ಅಂದ್ರೆ ಪುಸ್ತಕದ ಲೆಕ್ಕದಲ್ಲಿ 22 ಸೆಂಟಿಮೀಟರ್ ಎತ್ತರ. ನಿನಗೆ 10ಕ್ಕೆ 12 ಸಾಲು, ಅಂದ್ರೆ 26 ಸಾಲು ಸಾಕು. ನೀನು ಹೇಳಿದ ಹಾಗೆ ಕಣ್ಮುಚ್ಚಿ ಎಣಿಸಿ ಹಾಕಿದ್ದಿದ್ರೆ ಬೆನ್ನು 45 ಸೆಂಟಿಮೀಟರ್ ಅಗಲ, ಕಂಕುಳಿನವರೆಗೇ 55 ಸೆಂಟಿಮೀಟರ್ ಉದ್ದ ಆಗ್ತಿತ್ತು.

ಮಗಳು: ಅಯ್ಯೋ! ಸರಿ, ಕಂಕುಳಿನ ಹತ್ರ ಏನು ಮಾಡ್ಲಿ? ಇಲ್ಲಿ ಎರಡು ಸಾಲಿಗೊಮ್ಮೆ ಎರಡೂ ಬದಿ ಒಂದೊಂದು ಕಮ್ಮಿ ಮಾಡಿ, ಆರು ಸಲ ಅಂತಿದೆ.

ದೊಡ್ಡಮ್ಮ: ಅದನ್ನೂ ಅಳತೆಗೆ ತಿರುಗಿಸು. ಒಂದು ಬದಿಗೆ 6 ಸ್ಟಿಚ್ ಅಂದ್ರೆ 2.7 ಸೆಂಟಿಮೀಟರ್ ಒಳಗೆ ಹೋಗ್ಬೇಕು. 12 ಸಾಲು ಅಂದ್ರೆ 4 ಸೆಂಟಿಮೀಟರ್ ಎತ್ತರದಲ್ಲಿ ಹೋಗ್ಬೇಕು. ನಿನಗೆ ಅದು 4 ಸ್ಟಿಚ್, 5 ಸಾಲು. ಹಾಗಾಗಿ ನಾಲ್ಕು ಸಾಲಲ್ಲಿ ಎರಡೂ ಬದಿ ಒಂದೊಂದು ಕಮ್ಮಿ ಮಾಡು, ಐದನೇ ಸಾಲು ಸುಮ್ನೆ ಹಾಕು. 52ರಲ್ಲಿ 8 ಹೋಗಿ 44 ಉಳೀತು. ಕುತ್ತಿಗೆಗೆ ಪುಸ್ತಕ ಏನು ಹೇಳುತ್ತೆ?

ಮಗಳು: ನಡುವಿನ 20 ಸ್ಟಿಚ್ ಪಿನ್ನಿಗೆ ಹಾಕಿಡಿ ಅಂತ.

ದೊಡ್ಡಮ್ಮ: 20 ಅಂದ್ರೆ 9 ಸೆಂಟಿಮೀಟರ್, ನಿನಗೆ 14. ಎರಡು ಭುಜಕ್ಕೆ 15, 15. ಸರಿಯಾಗಿ ಕೂತ್ಕೊಂತು ನೋಡು. ಪಿನ್ನೂ ಬೇಡ ನಿನಗೆ. ಜಾರೋ ಕುಣಿಕೆ ಇದ್ರೆ ತಾನೆ ಪಿನ್ನು! 15 ಹಾಕಿ ತಿರುಗಿಸ್ಕೊಂಡು ಬಾ, ನಡುವಿನದು ತಾನಾಗಿ ಅಲ್ಲೇ ನಿಂತಿರುತ್ತೆ. ಕಂಕುಳಿನ ಬಾಗು, ಕುತ್ತಿಗೆ, ಇಂಥ ಕಡೆ ಕೊಕ್ಕೆ ಕಡ್ಡಿಗಿಂತ ಸಲೀಸು. ನಾನು ಕಡ್ಡಿ ಹಿಡಿದವಳು, ನಾನೇ ಒಪ್ತೀನಿ. ತೋಳಿಗೂ ಇದೇ ಲೆಕ್ಕ, ಅದನ್ನ ನೀನೇ ಮಾಡ್ಕೋ.

ಮಗಳು: ಒಂದು ಅನುಮಾನ. ಹಾಫ್ ಡಬಲ್ ಅಂದ್ರಿ. ನಿಮ್ಮ ಇನ್ನೊಂದು ಹಳೇ ಕ್ರೋಶಾ ಪುಸ್ತಕದಲ್ಲಿ ಚಿತ್ರ ಒಂದು ಥರ, ಹೆಸರು ಒಂದು ಥರ ಇದೆ.

ದೊಡ್ಡಮ್ಮ: ಅದು ಇಂಗ್ಲೆಂಡಿನ ಪದ್ಧತಿ. ಅವರು ಡಬಲ್ ಅನ್ನೋದನ್ನ ಅಮೆರಿಕದವರು ಸಿಂಗಲ್ ಅಂತಾರೆ. ನಮ್ಮಲ್ಲಿ ಎರಡೂ ಕಲೆತುಹೋಗಿದೆ. ಹೆಸರು ನೋಡ್ಬೇಡ, ಕೊಕ್ಕೆಗೆ ಎಷ್ಟು ಸುತ್ತು ಹಾಕಿ ಎಷ್ಟರೊಳಗೆ ಎಳೀತಾರೆ ಅನ್ನೋದನ್ನ ನೋಡು.

ಮಗಳು: ಕೆಳಗಿನ ಬಾರ್ಡರ್ ಹೇಗೆ? ಸೊಂಟದ ಹತ್ರ ರಬ್ಬರಿನ ಥರ ಬಿಗಿಯಾಗಿರುತ್ತಲ್ಲ, ಅದನ್ನ ಕೊಕ್ಕೇಲಿ ತರೋಕಾಗುತ್ತಾ?

ದೊಡ್ಡಮ್ಮ: ಇದು ಒಳ್ಳೇ ಪ್ರಶ್ನೆ. ಕಡ್ಡೀಲಿ ಒಂದು ಸೀದಾ, ಒಂದು ಉಲ್ಟಾ ಹಾಕ್ತಾ ಹೋದ್ರೆ ಸೀದಾ ಮುಂದೆ ಉಬ್ಬುತ್ತೆ, ಉಲ್ಟಾ ಹಿಂದೆ ಸರಿಯುತ್ತೆ. ಬಟ್ಟೆ ಮಡಿಕೆ ಮಡಿಕೆಯಾಗಿ ಕುಗ್ಗಿ ಎಳೆದಾಗ ಬಿಚ್ಕೊಳ್ಳುತ್ತೆ. ಕೊಕ್ಕೇಲಿ ಅದೇ ದಿಕ್ಕಿನಲ್ಲಿ ಅದು ಬರಲ್ಲ. ಸ್ಟಿಚ್ಚಿನ ಕಂಬಕ್ಕೆ ಮುಂದಿನಿಂದ ಒಮ್ಮೆ, ಹಿಂದಿನಿಂದ ಒಮ್ಮೆ ಕೊಕ್ಕೆ ಸುತ್ತಿ ಗೀಟು ಎಬ್ಬಿಸ್ಬಹುದು. ನೋಡೋಕೆ ಚೆಂದ, ಆದ್ರೆ ದಪ್ಪ, ಹಿಗ್ಗೋದು ಕಮ್ಮಿ. ನಾನಾದ್ರೆ ಬಾರ್ಡರನ್ನ ಅಡ್ಡಡ್ಡ ಮಾಡ್ತೀನಿ.

ಮಗಳು: ಅಡ್ಡಡ್ಡ ಅಂದ್ರೆ?

ದೊಡ್ಡಮ್ಮ: ಬಾರ್ಡರ್ ಎತ್ತರ 5 ಸೆಂಟಿಮೀಟರ್ ಅಂತಿಟ್ಕೋ. ಅಷ್ಟಕ್ಕೆ ಎಂಟೋ ಒಂಬತ್ತೋ ಸಿಂಗಲ್ ಕ್ರೋಶಾ ಹಾಕು. ಸ್ಟಿಚ್ಚಿನ ತಲೇಲಿ ಎರಡು ಎಳೆ ಕಾಣುತ್ತಲ್ಲ, ಒಂದು ನಿನ್ನ ಕಡೆ, ಒಂದು ಆ ಕಡೆ. ತಿರುಗಿಸಿ ಬರುವಾಗ ಆ ಕಡೆಯ ಎಳೆಗೆ ಮಾತ್ರ ಕೊಕ್ಕೆ ಹಾಕು. ಬಿಟ್ಟ ಎಳೆ ಗೀಟಾಗಿ ನಿಲ್ಲುತ್ತೆ. ಹೀಗೆ ಸಾಲು ಸಾಲು ಹಾಕ್ತಾ ಉದ್ದನೆಯ ಪಟ್ಟಿ ಬೆಳೆಸು. ಬೆನ್ನು 32.7 ಸೆಂಟಿಮೀಟರ್ ಇದ್ರೆ ಪಟ್ಟಿ 29 ಅಥವಾ 30ಕ್ಕೆ ನಿಲ್ಲಿಸು, ಅದೇ ಬಿಗಿ ಕೊಡುತ್ತೆ. ಆಮೇಲೆ ಪಟ್ಟಿಯನ್ನ ಮಲಗಿಸಿ ಅದರ ಉದ್ದನೆಯ ಅಂಚಿನ ಮೇಲೆ ಸಮವಾಗಿ 52 ಸ್ಟಿಚ್ ಕೂರಿಸ್ಕೊಂಡು ಮೇಲಕ್ಕೆ ಹೋಗು. ಗೀಟುಗಳು ಈಗ ನೆಟ್ಟಗೆ ನಿಂತಿರುತ್ತೆ, ನೋಡಿದವರಿಗೆ ಕಡ್ಡಿ ಹೆಣಿಗೆ ಅಂತಲೇ ಅನ್ನಿಸ್ಬೇಕು. ತೋಳಿನ ಮಣಿಕಟ್ಟಿಗೂ ಹೀಗೇ ಮಾಡು. ಮಕ್ಕಳ ಸ್ವೆಟರ್ ಮೊದಲು ಕೆಡೋದೇ ಈ ಎರಡು ಜಾಗದಲ್ಲಿ, ಇಲ್ಲಿ ಅವಸರ ಮಾಡ್ಬೇಡ.

ಮಗಳು: ಜಡೆ ಡಿಸೈನ್?

ದೊಡ್ಡಮ್ಮ: ಕಂಬ ಸುತ್ತಿ ಹಾಕೋ ಉದ್ದ ಸ್ಟಿಚ್ಚನ್ನ ಒಂದರ ಮೇಲೊಂದು ದಾಟಿಸಿದ್ರೆ ಬರುತ್ತೆ. ಚಿಕ್ಕ ಮಗುವಿಗೆ ಭಾರ, ಬಿಡು.

ಮಗಳು: ಇನ್ನೊಂದು ಆಸೆ ಇದೆ. ಟಿಬೆಟನ್ ಕ್ಯಾಂಪಿನ ಮನೆಗಳ ಬಾಗಿಲ ಪರದೆ ಮೇಲೆ ನೀಲಿ ಬಣ್ಣದಲ್ಲಿ ತುದಿಯೇ ಇಲ್ಲದ ಒಂದು ಗಂಟು ಇರುತ್ತಲ್ಲ, ಅದನ್ನ ಟೋಪಿ ಮೇಲೆ ತರ್ಬೇಕು.

ದೊಡ್ಡಮ್ಮ: ಅವರ ಅಷ್ಟಮಂಗಳ ಅನ್ನೋ ಎಂಟು ಶುಭ ಚಿಹ್ನೆಗಳಲ್ಲಿ ಅದೂ ಒಂದು. ಅದು ಅವರಿಗೆ ಪೂಜ್ಯವಾದ ಗುರುತು, ಕಾಲುಚೀಲಕ್ಕೆಲ್ಲ ಹಾಕ್ಬೇಡ. ತಲೆ ಮೇಲಿನ ಟೋಪಿಗೆ ಆಗ್ಬಹುದು, ಆದ್ರೂ ಕ್ಯಾಂಪಿನಲ್ಲಿ ಯಾರಾದ್ರೂ ಹಿರಿಯರನ್ನ ಒಂದು ಮಾತು ಕೇಳಿ ಹಾಕು. ನಕ್ಷೆ ಯಾವುದು ನಿನ್ನ ಹತ್ರ ಇರೋದು?

ಮಗಳು: ಕಡ್ಡಿ ಹೆಣಿಗೇದೇ. ಅಗಲಕ್ಕೆ 24 ಮನೆ, ಎತ್ತರಕ್ಕೆ 30 ಮನೆ.

ದೊಡ್ಡಮ್ಮ: ಯಾಕೆ ಹಾಗಿದೆ ಗೊತ್ತಾ? ಕಡ್ಡಿ ಹೆಣಿಗೆಯ ಒಂದು ಸ್ಟಿಚ್ ಅಗಲ ಹೆಚ್ಚು, ಎತ್ತರ ಕಮ್ಮಿ. ಅದಕ್ಕೆ ಗಂಟು ಚೌಕವಾಗಿ ಕಾಣ್ಬೇಕು ಅಂದ್ರೆ ಸಾಲು ಜಾಸ್ತಿ ಬೇಕು. ಸಿಂಗಲ್ ಕ್ರೋಶಾ ಹೆಚ್ಚುಕಮ್ಮಿ ಚೌಕ. 10 ಸೆಂಟಿಮೀಟರಿಗೆ ನಿನಗೆ 17 ಸ್ಟಿಚ್, 20 ಸಾಲು ಬಂತು ಅಂತಿಟ್ಕೋ. ಪುಸ್ತಕದಲ್ಲಿ 11 ಸೆಂಟಿಮೀಟರ್ ಅಗಲ, 10 ಎತ್ತರ ಇರೋ ಗಂಟು ನಿನ್ನ ಕೈಯಲ್ಲಿ 14 ಅಗಲ, 15 ಎತ್ತರ ಆಗುತ್ತೆ. ಮಗುವಿನ ಟೋಪಿ ಪೂರ್ತಿ ಗಂಟೇ ಆಗ್ಹೋಗುತ್ತೆ. ಮಕ್ಕಳ ಲೆಕ್ಕದ ಪುಸ್ತಕದ ಚೌಕುಳಿ ಹಾಳೆ ತಗೊಂಡು 19 ಮನೆ, 19 ಸಾಲಿನಲ್ಲಿ ಹೊಸದಾಗಿ ಬರಿ. ಬೆಸ ಸಂಖ್ಯೆ ಇದ್ರೆ ನಡುವಿನ ಮನೆ ಸಿಗುತ್ತೆ, ಗಂಟು ಎರಡೂ ಕಡೆ ಒಂದೇ ಸಮ ಬರುತ್ತೆ. ಎಲ್ಲಾ ಸುರುಳಿ ಹಿಡಿಸಲ್ಲ, ಒಂದೆರಡು ಕಮ್ಮಿ ಮಾಡು. ಕಮ್ಮಿ ಮಾಡಿದ್ಮೇಲೂ ಗಂಟಿನ ಎಳೆ ಎಲ್ಲೂ ತುಂಡಾಗ್ಬಾರದು, ಬೆರಳಿಟ್ಟು ಸುತ್ತಿದ್ರೆ ಹೊರಟ ಜಾಗಕ್ಕೇ ಬರ್ಬೇಕು.

ಮಗಳು: ಬಣ್ಣ ಬದಲಾಯಿಸೋದು ನನಗೆ ಗೊತ್ತು. ಹಿಂದಿನ ಸ್ಟಿಚ್ ಮುಗಿಸೋ ಕೊನೇ ಎಳೆತದಲ್ಲೇ ಹೊಸ ಬಣ್ಣ ಹಿಡೀಬೇಕು, ಇಲ್ಲದಿದ್ರೆ ಹಳೇ ಬಣ್ಣ ಅರ್ಧ ಇಣುಕುತ್ತೆ.

ದೊಡ್ಡಮ್ಮ: ಸರಿಯಾಗಿ ಹೇಳ್ದೆ. ಬಿಟ್ಟ ಬಣ್ಣವನ್ನ ಸಾಲಿನ ಮೇಲೆ ಮಲಗಿಸ್ಕೊಂಡು ಅದರ ಮೇಲೇ ಹಾಕ್ತಾ ಹೋಗು, ಒಳಗೆ ಅಡಗುತ್ತೆ. ಕಡ್ಡಿ ಹೆಣಿಗೇಲಿ ಅದು ಹಿಂದೆ ತೂಗಾಡಿ ಮಗುವಿನ ಬೆರಳು ಸಿಕ್ಕಿಹಾಕ್ಕೊಳ್ಳುತ್ತೆ. ಈ ಒಂದು ವಿಷಯದಲ್ಲಿ ನಿನ್ನದೇ ಮೇಲು. ಒಂದು ಎಚ್ಚರ ಇರ್ಲಿ. ಟೋಪಿಯನ್ನ ತಿರುಗಿಸದೆ ಸುತ್ತ ಸುತ್ತ ಹಾಕ್ತಾ ಹೋದ್ರೆ ಸ್ಟಿಚ್ ಸಾಲಿನಿಂದ ಸಾಲಿಗೆ ಸ್ವಲ್ಪ ಸ್ವಲ್ಪ ಬಲಕ್ಕೆ ಸರಿಯುತ್ತೆ, ಗಂಟು ವಾಲಿದ ಹಾಗೆ ಕಾಣುತ್ತೆ. ಪ್ರತಿ ಸುತ್ತಿನ ಕೊನೇಲಿ ತಿರುಗಿಸಿ ಹಾಕಿದ್ರೆ ನೆಟ್ಟಗಿರುತ್ತೆ.

ಮಗಳು: ನೀವು ಇದನ್ನೆಲ್ಲ ಕಲಿತಿದ್ದು ಕ್ಯಾಂಪಿನವರ ಹತ್ರ ಅಲ್ವಾ?

ದೊಡ್ಡಮ್ಮ: ಕಡ್ಡಿ ಹಿಡಿಯೋದು ಅಲ್ಲೇ. ಒಬ್ಬರು ಅಮಾಲಾ, ಅವರ ಮಾತಲ್ಲಿ ಅಮ್ಮ ಅಂತ, ಮಾತಾಡ್ತಾ ಇದ್ದ ಹಾಗೇ, ಕೈ ನೋಡದೆ ಹೆಣೀತಿದ್ರು. ಮೊದಮೊದಲು ಅವರು ಕೈಯಲ್ಲಿ ಹೆಣೆದದ್ದನ್ನೇ ಊರೂರಿಗೆ ಹೊತ್ತುಕೊಂಡು ಹೋಗಿ ಮಾರ್ತಿದ್ರು. ಆಮೇಲೆ ಲೂಧಿಯಾನದಿಂದ ಮಿಷನ್ ಸ್ವೆಟರ್ ಸಗಟಿಗೆ ತಂದು ಮಾರೋದು ಶುರುವಾಯ್ತು. ಈಗಲೂ ದೀಪಾವಳಿ ಹೊತ್ತಿಗೆ ಕ್ಯಾಂಪಿನ ಎಷ್ಟೋ ಮನೆಯವರು ದೊಡ್ಡ ಊರುಗಳಿಗೆ ಸ್ವೆಟರ್ ಅಂಗಡಿ ಹಾಕೋಕೆ ಹೋಗ್ತಾರೆ, ಚಳಿಗಾಲ ಮುಗಿದು ಅವರ ಹೊಸ ವರ್ಷದ ಲೋಸಾರ್ ಹಬ್ಬದ ಹೊತ್ತಿಗೆ ವಾಪಸ್ ಬರ್ತಾರೆ. ಅಷ್ಟು ದಿನ ಮನೇಲಿ ವಯಸ್ಸಾದವರು, ಮಕ್ಕಳು ಮಾತ್ರ. ಆ ದುಡ್ಡಲ್ಲೇ ಮಕ್ಕಳನ್ನ ಓದಿಸಿದಾರೆ. ಆದ್ರೆ ಕೈಯಲ್ಲಿ ಹೆಣೆಯೋರು ಕಮ್ಮಿ ಆದ್ರು. ಮಿಷನ್ ಮುಂದೆ ಕೈಗೆ ಏನು ಬೆಲೆ?

ಮಗಳು: ಕ್ರೋಶಾಕ್ಕೂ ಹಾಗೇ ಆಗಲ್ವಾ?

ದೊಡ್ಡಮ್ಮ: ಅದನ್ನೇ ಹೇಳೋಕೆ ಹೊರಟೆ. ಕಡ್ಡಿ ಹೆಣಿಗೇನ ಮಿಷನ್ ಮಾಡುತ್ತೆ. ಕೊಕ್ಕೆ ಕೆಲಸ ಹಾಗಲ್ಲ. ನೋಡೋಕೆ ಹಾಗೆ ಕಾಣೋ ಬಟ್ಟೇನ ಮಿಷನ್ ಮಾಡುತ್ತೆ, ನಿಜವಾದ ಕ್ರೋಶಾ ಇವತ್ತಿಗೂ ಕೈಯಲ್ಲೇ ಆಗ್ಬೇಕು. ನೀನು ಸ್ವೆಟರನ್ನ ಕಡ್ಡಿಯಿಂದ ಕೊಕ್ಕೆಗೆ ತರ್ತಿದೀಯ ಅಂದ್ರೆ ಮಿಷನ್ನಿಗೆ ಆಗದ ಕೆಲಸಕ್ಕೆ ತರ್ತಿದೀಯ.

ಮಗಳು: ಒಂದರ ವಿನ್ಯಾಸವನ್ನ ಇನ್ನೊಂದಕ್ಕೆ ತರೋದು ಹಿಂದೆಯೂ ಇತ್ತಾ?

ದೊಡ್ಡಮ್ಮ: ಇತ್ತು, ಅದರಿಂದ ಊರೂರೇ ಬದುಕಿವೆ. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆ ಕೊಳೆತು ಘೋರ ಬರ ಬಂತು. ಆಗ ಅಲ್ಲಿನ ಕಾನ್ವೆಂಟುಗಳಲ್ಲಿ ಹೆಣ್ಣುಮಕ್ಕಳಿಗೆ ಕ್ರೋಶಾ ಕಲಿಸಿದ್ರು. ಇಟಲಿಯ ವೆನಿಸ್ಸಿನಲ್ಲಿ ಸೂಜಿಯಿಂದ ಮಾಡ್ತಿದ್ದ ಲೇಸ್ ಬಹಳ ದುಬಾರಿ, ತಿಂಗಳುಗಟ್ಟಲೆ ಕೆಲಸ. ಇವರು ಅದೇ ಚೆಂದವನ್ನ ಕೊಕ್ಕೇಲಿ ತಂದ್ರು. ಸೂಜಿಯ ಒಂದೊಂದು ಹೊಲಿಗೆಗೂ ಒಂದೊಂದು ಕೊಕ್ಕೆ ಸ್ಟಿಚ್ ಹುಡುಕ್ತಾ ಕೂರಲಿಲ್ಲ. ಗುಲಾಬಿ, ಎಲೆಗಳನ್ನ ಬೇರೆ ಬೇರೆ ಮಾಡಿ, ಒಳಗೆ ದಪ್ಪ ದಾರ ಇಟ್ಟು ಉಬ್ಬಿಸಿ, ಆಮೇಲೆ ಬಲೆ ಹಾಕಿ ಜೋಡಿಸಿದ್ರು. ಅದು ಐರಿಶ್ ಕ್ರೋಶಾ ಅಂತಲೇ ಹೆಸರಾಯ್ತು. ನಮ್ಮ ಕಡೆ ಆಂಧ್ರದ ನರಸಾಪುರಕ್ಕೂ 19ನೇ ಶತಮಾನದಲ್ಲಿ ಮಿಷನರಿಗಳ ಮೂಲಕ ಈ ಕೆಲಸ ಬಂತು. ಗೋದಾವರಿ ತೀರದ ಹೆಂಗಸರು ಇವತ್ತಿಗೂ ಮಾಡ್ತಾರೆ.

ಮಗಳು: ಏನನ್ನಾದ್ರೂ ಹೀಗೆ ತಿರುಗಿಸ್ಬಹುದಾ ಹಾಗಾದ್ರೆ?

ದೊಡ್ಡಮ್ಮ: ಇಲ್ಲ. ಕಾಲುಚೀಲ ಬೇಡ. ಹಿಮ್ಮಡೀಲಿ ಹಿಗ್ಗಿ ಕುಗ್ಗೋ ಗುಣ ಕಡ್ಡಿ ಹೆಣಿಗೇದು, ಕೊಕ್ಕೆಯ ಗಂಟು ಅಂಗಾಲಿಗೆ ಒತ್ತುತ್ತೆ. ಮೈಗೆ ಅಂಟಿಕೊಂಡಿರೋ ತೆಳು ಬನಿಯನ್ ಥರದ್ದೂ ಬೇಡ. ಟೋಪಿ, ಶಾಲು, ಮುಂದೆ ಗುಂಡಿ ಇರೋ ಸ್ವೆಟರ್, ಮಗುವಿನ ಹೊದಿಕೆ, ಇವೆಲ್ಲ ಚೆನ್ನಾಗಿ ಬರುತ್ತೆ. ಕಡ್ಡಿ ಹೆಣಿಗೆಯ ಬಟ್ಟೆಗೆ ಹತ್ತಿರ ಇರ್ಬೇಕು ಅಂದ್ರೆ ಟ್ಯುನೀಸಿಯನ್ ಕ್ರೋಶಾ ಅಂತ ಒಂದಿದೆ. ಉದ್ದನೆಯ ಕೊಕ್ಕೆ, ಹೋಗ್ತಾ ಕುಣಿಕೆಗಳನ್ನೆಲ್ಲ ಅದರ ಮೇಲೆ ತುಂಬ್ಕೊಂಡು, ಬರ್ತಾ ಒಂದೊಂದೇ ಮುಗಿಸ್ಕೊಂಡು ಬರೋದು. ಈ ಆರ್ಡರ್ ಮುಗಿಸು, ತೋರಿಸ್ತೀನಿ.

ಮಗಳು: ನಮ್ಮೂರಿನ ಚಳಿಗೆ ಕ್ರೋಶಾ ಸ್ವೆಟರ್ ತುಂಬಾ ದಪ್ಪ ಆಗಲ್ವಾ? ಬೆಳಗ್ಗೆ ಮಂಜಿದ್ರೂ ಹತ್ತು ಗಂಟೆ ಮೇಲೆ ಬಿಸಿಲು ಚುರುಗುಟ್ಟುತ್ತೆ.

ದೊಡ್ಡಮ್ಮ: ಅದಕ್ಕೇ ಮುಂದಿನ ಸಲ ಪುಸ್ತಕ ಹೇಳಿದ್ದಕ್ಕಿಂತ ತೆಳು ದಾರ ತಗೋ. ಹತ್ತಿ ದಾರದಲ್ಲೂ ಮಾಡಿ ನೋಡು, ಕೂಸುಗಳಿಗೆ ಹತ್ತಿ ಚುಚ್ಚಲ್ಲ. ದಾರ ಬದಲಾಯ್ತು ಅಂದ್ರೆ ಸ್ಯಾಂಪಲ್ ತುಂಡು ಹೊಸದು, ಲೆಕ್ಕ ಹೊಸದು. ಪ್ರತಿ ತುಂಡಿಗೂ ಒಂದು ಚೀಟಿ ಕಟ್ಟಿಡು, ಯಾವ ದಾರ, ಯಾವ ಕೊಕ್ಕೆ, ಎಷ್ಟು ಸ್ಟಿಚ್, ಎಷ್ಟು ಸಾಲು ಅಂತ.

ಮಗಳು: ಕೊನೇ ಮಾತು. ಆರ್ಡರ್ ಕೊಟ್ಟವರು ಕೇಳಿದ್ರು, ದೇವಸ್ಥಾನದ ಹತ್ರ ಅಂಗಡೀಲಿ ಸ್ವೆಟರ್ ಇಷ್ಟಕ್ಕೇ ಸಿಗುತ್ತೆ, ನಿಂದೇನು ಜಾಸ್ತಿ ಅಂತ. ಏನು ಹೇಳ್ಲಿ?

ದೊಡ್ಡಮ್ಮ: ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ಮುಂದಿನ ಅಂಗಡೀಲಿರೋದು ಮಿಷನ್ ಸ್ವೆಟರ್ ಅಂತ ಹೇಳು. ನಿಂದು ಅವರ ಮಗುವಿನ ಅಳತೆಗೆ ಲೆಕ್ಕ ಹಾಕಿ ಕೈಯಲ್ಲಿ ಮಾಡಿದ್ದು. ಕುಚ್ಚಿಗೆ ನೀನು ದಾರದ ದುಡ್ಡು ಬೇರೆ, ಕೈಕೂಲಿ ಬೇರೆ ಅಂತ ಹೇಳ್ತೀಯ ತಾನೆ? ಇಲ್ಲೂ ಹಾಗೇ ಬರೆದು ತೋರಿಸು. ಸ್ಯಾಂಪಲ್ ತುಂಡಿಗೆ, ಲೆಕ್ಕಕ್ಕೆ ಹೋದ ಹೊತ್ತನ್ನೂ ಸೇರಿಸು. ಹೊಗೆಸೊಪ್ಪು ಕಟ್ಟೋಕೆ ಹೋದ್ರೆ ದಿನಗೂಲಿ ಎಷ್ಟು ಅಂತ ಈ ಊರಲ್ಲಿ ಎಲ್ಲರಿಗೂ ಗೊತ್ತು. ಅದಕ್ಕಿಂತ ಕಮ್ಮಿಗೆ ಯಾರೇ ಕೇಳಿದ್ರೂ ಕೊಕ್ಕೆ ಹಿಡೀಬೇಡ.